ಬೂದಿಗೆ ಮೊದಲು ಕೇಳಬೇಕಾದದ್ದು

ನೋಡವಾ, ನೀನು ಎಂ.ಎಸ್‌ಸಿ. ಮುಗಿಸಿ ಸಂಶೋಧನೆಗೆ ಸೇರುತ್ತಿದ್ದೀ, ಹಳೆಯ ಕೆರೆಕೊಳ್ಳಗಳ ಹೂಳಿನಲ್ಲಿ ಸಿಗುವ ಬೂದಿಪದರ ಹಿಡಿದು ಜ್ವಾಲಾಮುಖಿಗಳ ಚರಿತ್ರೆ ತೆಗೆಯುವ ವಿಷಯ ಆರಿಸಿಕೊಂಡಿದ್ದೀ ಅಂತ ನಿಮ್ಮಪ್ಪ ಹೇಳಿದ. "ನಮ್ಮ ಸುರಪುರದಾಗ ಜ್ವಾಲಾಮುಖಿ ಎಲ್ಲದ ಕಾಕಾ, ಈ ಹುಡುಗಿಗೆ ಬೇರೆ ವಿಷಯ ಸಿಗಲಿಲ್ಲೇನು" ಅಂತ ನಕ್ಕ. ಅವನು ಹತ್ತಿ ವ್ಯಾಪಾರದವ, ನಗಲಿ ಬಿಡು. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿ ನಿವೃತ್ತನಾದ ಮುತ್ಯಾ ನಾನು. ನೀನು ಊರು ಬಿಡುವ ಮುಂಚೆ ಕೆಲವು ಮಾತು ಕಿವಿಗೆ ಹಾಕಬೇಕು. ಪುಸ್ತಕದಲ್ಲಿ ಇರುವುದನ್ನು ನೀನೇ ಓದಿಕೊಳ್ಳುತ್ತೀ. ಓದುವಾಗ ಯಾವುದರ ಮೇಲೆ ಕಣ್ಣಿಡಬೇಕು ಅನ್ನುವುದಷ್ಟೇ ನನ್ನ ಮಾತು.

ನಿಮ್ಮಪ್ಪನ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯೊಳಗೇ ಇದೆ. ಸುರಪುರದ ಗುಡ್ಡ ಗ್ರಾನೈಟಿನದು, ಅದಕ್ಕೂ ಲಾವಾಕ್ಕೂ ಸಂಬಂಧವಿಲ್ಲ. ಗುರುಮಠಕಲ್ ಕಡೆ ಹೋದರೆ ದಖ್ಖನಿನ ಲಾವಾ ಹಾಸಿನ ಅಂಚು ಕಾಣುತ್ತದೆ. ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ಹರಿದ ಲಾವಾ ಅದು. ಅಲ್ಲಿ ಲಾವಾ ಪದರಗಳ ನಡುವೆ ಕೆರೆಯ ಮಣ್ಣು ಸಿಕ್ಕಿದೆ. ಅದರಲ್ಲಿ ಸಿಹಿನೀರಿನ ಜೀವಿಗಳ ಪಳೆಯುಳಿಕೆ, ಭೂತಗನ್ನಡಿ ಹಿಡಿದರಷ್ಟೇ ಕಾಣುವ ಆಸ್ಟ್ರಕೋಡ್ ಚಿಪ್ಪು. ಒಂದು ಸಲ ಲಾವಾ ಹರಿದು ಆರಿದ ಮೇಲೆ ತಗ್ಗಿನಲ್ಲಿ ಮಳೆನೀರು ನಿಂತಿತು, ನೀರಿಗೆ ಜೀವ ಬಂತು, ಹೂಳು ಕೂಡಿತು. ಮುಂದೊಂದು ದಿನ ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಒಂದು ಸ್ಫೋಟಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಇತ್ತು ಅನ್ನುವುದಕ್ಕೆ ಆ ಹೂಳೇ ಸಾಕ್ಷಿ. ಲಾವಾ ತನ್ನ ಬಿಡುವಿನ ಲೆಕ್ಕ ತಾನು ಇಡುವುದಿಲ್ಲ.

ಪಶ್ಚಿಮ ಘಟ್ಟದಲ್ಲಿ ಇದೇ ಯುಕ್ತಿಯನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಲಾವಾ ಪದರಗಳ ನಡುವೆ ಕೆಂಪು ಮಣ್ಣಿನ ಪಟ್ಟಿಗಳಿವೆ, ಮಹಾಬಳೇಶ್ವರದ ಘಾಟಿನಲ್ಲಿ ಬಸ್ಸಿನಿಂದಲೇ ಕಾಣುತ್ತವೆ. ಬಸಾಲ್ಟಿನಲ್ಲಿ ಜಿರ್ಕಾನ್ ಹರಳು ಸಿಗುವುದು ಅಪರೂಪ. ಆದರೆ ಆ ಕೆಂಪು ಪಟ್ಟಿಗಳ ಮೇಲೆ ಬಿದ್ದ ಬೂದಿಯಲ್ಲಿ ಸಿಕ್ಕಿತು. ಅದರೊಳಗಿನ ಯುರೇನಿಯಂ ಮತ್ತು ಸೀಸದ ಪ್ರಮಾಣ ಅಳೆದು 2015ರಲ್ಲಿ, ಮತ್ತೆ 2019ರಲ್ಲಿ, ದಖ್ಖನಿನ ಸ್ಫೋಟಗಳ ಕಾಲವನ್ನು ಬಿಗಿಯಾಗಿ ಹಿಡಿದರು. ಗಟ್ಟಿ ಕಲ್ಲು ಹೇಳದ ವಯಸ್ಸನ್ನು ನಡುವಿನ ಹಿಡಿಯಷ್ಟು ಬೂದಿ ಹೇಳಿತು.

ಆದರೆ ನಿನ್ನ ವಿಷಯಕ್ಕೆ ನೇರವಾಗಿ ತಾಕುವುದು ಇಷ್ಟು ಹಳೆಯ ಕಥೆ ಅಲ್ಲ, ತೋಬಾ. ಸುಮಾತ್ರಾ ದ್ವೀಪದಲ್ಲಿ ಸುಮಾರು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲದ ಒಂದು ಸರೋವರವಿದೆ. ಅದು ಕೆರೆಯಲ್ಲ, ಜ್ವಾಲಾಮುಖಿ ತನ್ನ ಹೊಟ್ಟೆ ಖಾಲಿ ಮಾಡಿಕೊಂಡು ಕುಸಿದ ಗುಂಡಿ. ಸುಮಾರು 74,000 ವರ್ಷದ ಹಿಂದಿನ ಅದರ ಕೊನೆಯ ಮಹಾಸ್ಫೋಟದಲ್ಲಿ ಹೊರಬಿದ್ದ ಶಿಲಾರಸ ಅಂದಾಜು 2,800 ಘನ ಕಿಲೋಮೀಟರ್. ನಾರಾಯಣಪುರದ ಬಸವಸಾಗರ ತುಂಬಿದಾಗ ಹಿಡಿಯುವುದು ಸುಮಾರು 33 ಟಿಎಂಸಿ, ಅಂದರೆ ಒಂದು ಘನ ಕಿಲೋಮೀಟರಿಗೆ ತುಸು ಕಡಿಮೆ. ಮೂರು ಸಾವಿರದಷ್ಟು ಬಸವಸಾಗರ ಆಕಾಶಕ್ಕೆ ಹೋದಂತೆ ಲೆಕ್ಕ ಹಾಕಿಕೋ. ಅಲ್ಲಿಂದ ಸುರಪುರಕ್ಕೆ ಹತ್ತಿರ ಹತ್ತಿರ ಮೂರು ಸಾವಿರ ಕಿ.ಮೀ. ದೂರ. ಬಂಗಾಳ ಕೊಲ್ಲಿ ದಾಟಿ ಬಂದ ಆ ಬೂದಿ ಮಧ್ಯಪ್ರದೇಶದ ಸೋನ್ ನದಿಯ ದಂಡೆಯಲ್ಲಿದೆ, ಪುಣೆ ಜಿಲ್ಲೆಯ ಕುಕಡಿ ನದಿಯ ಬೋರಿಯಲ್ಲಿದೆ, ಆಂಧ್ರದ ಬನಗಾನಪಲ್ಲಿಯ ಹತ್ತಿರ ಜ್ವಾಲಾಪುರಂನಲ್ಲಿದೆ. ಬೇಸಿಗೆಯಲ್ಲಿ ನಾವು ತಿನ್ನುವ ಬೇನಿಶಾ ಮಾವಿನ ಊರೇ ಆ ಬನಗಾನಪಲ್ಲಿ. ಸುರಪುರದಿಂದ ನೇರ ಗೆರೆ ಎಳೆದರೆ ಜ್ವಾಲಾಪುರಂ ಇನ್ನೂರು ಕಿ.ಮೀ. ಆಸುಪಾಸು.

ಇಷ್ಟು ದೂರ ಬರುವ ಬೂದಿ ಯಾವ ಥರದ್ದು ಅನ್ನುವುದು ಕಣದಲ್ಲಿ ಜೋಳ ತೂರಿದವರಿಗೆ ಬೇಗ ಅರ್ಥವಾಗುತ್ತದೆ. ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಮಾರು ದೂರಕ್ಕೆ, ದೂಳು ಪಕ್ಕದ ಹೊಲಕ್ಕೆ. ಜ್ವಾಲಾಮುಖಿಯ ಹತ್ತಿರ ಕಲ್ಲುಗುಂಡು, ದೂರಕ್ಕೆ ಹೋದಷ್ಟೂ ಸಣ್ಣ ಗಾಜಿನ ಚೂರು. ಹಾಗಾಗಿ ಕಣದ ಗಾತ್ರ ನೋಡಿ ಗಾಳಿಯ ದಿಕ್ಕು, ಬೂದಿಯ ಕಂಬ ಎಷ್ಟು ಎತ್ತರಕ್ಕೆ ಏರಿತ್ತು ಅನ್ನುವುದನ್ನು ಅಂದಾಜಿಸಬಹುದು. ಹತ್ತಾರು ಕಡೆ ಪದರದ ದಪ್ಪ ಅಳೆದು, ಒಂದೇ ದಪ್ಪದ ಜಾಗಗಳನ್ನು ನಕ್ಷೆಯಲ್ಲಿ ಗೆರೆಯಿಂದ ಸೇರಿಸಿದರೆ ಒಟ್ಟು ಎಷ್ಟು ಬೂದಿ ಬಿತ್ತು ಅನ್ನುವ ಲೆಕ್ಕವೂ ಸಿಗುತ್ತದೆ. ಓದುವಾಗ ಇದು ಬಹಳ ಸುಲಭ. ಎಡವುವುದು ಆ 'ದಪ್ಪ' ಅನ್ನುವ ಮಾತಿನ ಹತ್ತಿರವೇ.

ನಾನು ಹೇಳಬೇಕೆಂದು ಕೂತದ್ದು ಇದೊಂದೇ. ಬೂದಿಪದರ ಕಂಡಕೂಡಲೇ ಅದರ ವಯಸ್ಸೆಷ್ಟು, ಯಾವ ಪರ್ವತದ್ದು ಅಂತ ಕೇಳಬೇಡ. ಮೊದಲು ಕೇಳಬೇಕಾದದ್ದು, ನೀನು ಇಲ್ಲಿಗೆ ಹೇಗೆ ಬಂದೆ ಅಂತ. ಮುಗಿಲಿನಿಂದ ಬಿತ್ತೋ, ಹಳ್ಳದ ನೀರಿನಲ್ಲಿ ಹರಿದು ಬಂತೋ, ಮನುಷ್ಯ ಸುಟ್ಟನೋ.

ಜ್ವಾಲಾಪುರಂ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಬೂದಿ ಕೆಲವೆಡೆ ಎರಡು ಮೀಟರಿಗೂ ದಪ್ಪ ನಿಂತಿದೆ, ಊರವರು ಅಗೆದು ಮಾರುವಷ್ಟು. ಮೂರು ಸಾವಿರ ಕಿ.ಮೀ. ದಾಟಿ ಎರಡು ಮೀಟರ್ ಬೂದಿ ಮುಗಿಲಿನಿಂದ ಬಿದ್ದಿದ್ದರೆ ದಕ್ಷಿಣ ಭಾರತದಲ್ಲಿ ಹುಲ್ಲುಕಡ್ಡಿ ಉಳಿಯುತ್ತಿರಲಿಲ್ಲ. ಆದದ್ದು ಬೇರೆ. ನೀರು ನಿಂತ ತಗ್ಗಿನ ಜೇಡಿಯ ಮೇಲೆ ಮೊದಲು ಬಿದ್ದದ್ದು ಕೆಲವೇ ಸೆಂಟಿಮೀಟರ್. ಆಮೇಲಿನ ಮಳೆಗೆ ಸುತ್ತಲಿನ ಗುಡ್ಡದ ಮೈಮೇಲಿದ್ದ ಬೂದಿಯೆಲ್ಲ ತೊಳೆದು ಅದೇ ತಗ್ಗಿಗೆ ಇಳಿದು ಕೂಡಿತು. ಬಿದ್ದ ಬೂದಿಯಲ್ಲಿ ಪದರ ಸಮವಾಗಿರುತ್ತದೆ, ಅಡಿಯ ಗೆರೆ ಚೂಪಾಗಿರುತ್ತದೆ, ಬೇರೆ ಮಣ್ಣು ಬೆರೆತಿರುವುದಿಲ್ಲ. ಹರಿದು ಬಂದದ್ದರಲ್ಲಿ ಓರೆಗೆರೆ, ಅಲೆಗುರುತು, ಜೇಡಿಯ ಉಂಡೆ, ಊರಿನ ಮರಳು, ಹುಳು ಕೊರೆದ ತೂತು. ನಿನ್ನ ಮಾರ್ಗದರ್ಶಕರು ದಪ್ಪ ಎಷ್ಟು ಅಂತ ಕೇಳಿದರೆ ಎರಡು ಸಂಖ್ಯೆ ಹೇಳು, ಬಿದ್ದದ್ದು ಇಷ್ಟು, ಬಂದು ಸೇರಿದ್ದು ಇಷ್ಟು ಅಂತ. ಒಂದೇ ಸಂಖ್ಯೆ ಕೇಳಿ ಒಪ್ಪುವವರ ಹತ್ತಿರ ಕೆಲಸ ಕಲಿಯಬೇಡ.

ಇನ್ನು ಮನುಷ್ಯ ಸುಟ್ಟ ಬೂದಿ. ಇದರಲ್ಲಿ ನಮ್ಮ ಸುರಪುರ ಸೀಮೆಗೆ ಸಮನಾದ ಊರುಗಳು ಬಹಳಿಲ್ಲ. ಹುಣಸಗಿ ಹತ್ತಿರದ ಬೂದಿಹಾಳ, ಕೊಡೇಕಲ್‌ನ ಬೂದಿದಿಬ್ಬಗಳನ್ನು ನೀನು ಕಂಡಿರಬೇಕು. ದಿಬ್ಬದ ಒಡಲಲ್ಲಿ ಮೆತ್ತನೆಯ ಬಿಳಿ ಬೂದಿ ಪದರ ಪದರವಾಗಿದೆ, ನಡುನಡುವೆ ಕರಗಿ ಗುಳ್ಳೆಗಟ್ಟಿದ ಕಿಟ್ಟ. ಗೊತ್ತಿಲ್ಲದವರು ಆ ಕಿಟ್ಟ ಕೈಗೆತ್ತಿಕೊಂಡರೆ ಜ್ವಾಲಾಮುಖಿಯದೇ ಅಂದುಕೊಳ್ಳಬೇಕು, ಅಂಥ ರೂಪ ಅದರದು. ಬಳ್ಳಾರಿ ಕಡೆಯ ಜನ ಇಂಥ ದಿಬ್ಬವನ್ನು ರಾಕ್ಷಸನನ್ನು ಸುಟ್ಟ ಜಾಗ ಅಂದರು, ಹಂಪಿ ಹತ್ತಿರದ್ದನ್ನು ವಾಲಿಯ ಬೂದಿ ಅಂದರು. ನ್ಯೂಬೋಲ್ಡ್ ಅನ್ನುವ ಕ್ಯಾಪ್ಟನ್ 1843ರಲ್ಲೇ ಇವುಗಳ ಬಗ್ಗೆ ಬರೆದ. ಇದು ದನದ ಸೆಗಣಿ ಸುಟ್ಟ ಬೂದಿ ಅಂತ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಜಾಯ್ನರ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಆಲ್ಚಿನ್ ಉತ್ನೂರಿನಲ್ಲಿ ಅಗೆದು, ಅದನ್ನು ಗಟ್ಟಿ ಮಾಡಿದರು. ನಮ್ಮಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಲ್ಲಿ ಕೊಡೇಕಲ್‌ನಲ್ಲಿ, 90ರ ದಶಕದಲ್ಲಿ ಬೂದಿಹಾಳದಲ್ಲಿ ಅಗೆದರು. ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳ ಊರು, ಅವರು ಪ್ರಾಣಿ ಕೊಯ್ದ ನೆಲ, ಮಕ್ಕಳನ್ನು ಗಡಿಗೆಯಲ್ಲಿಟ್ಟು ಹೂತ ಜಾಗ, ಎಲ್ಲ ಆ ಬೂದಿಯ ಪಕ್ಕದಲ್ಲೇ ಸಿಕ್ಕಿತು. ಹಟ್ಟಿಯ ಸೆಗಣಿ ಕೂಡಿಟ್ಟು ಕಾಲಕಾಲಕ್ಕೆ ಸುಡುತ್ತಿದ್ದರು. ಬಿಸಿ ಹೆಚ್ಚಾದ ಕಡೆ ಅದು ಕರಗಿ ಕಿಟ್ಟವಾಗಿದೆ.

ಹಾಗಾದರೆ ಎರಡು ಬೂದಿಯನ್ನು ಬೇರೆ ಮಾಡುವುದು ಹೇಗೆ? ಯಾರಾದರೂ ಆಸಿಡ್ ಹನಿಸು ಅನ್ನುತ್ತಾರೆ. ಸೆಗಣಿ ಬೂದಿಯಲ್ಲಿ ಸುಣ್ಣ ಇರುವುದರಿಂದ ನೊರೆ ಉಕ್ಕುತ್ತದೆ, ಜ್ವಾಲಾಮುಖಿಯ ಗಾಜಿಗೆ ಏನೂ ಆಗುವುದಿಲ್ಲ. ನಮ್ಮ ಸೀಮೆಯಲ್ಲಿ ಈ ಪರೀಕ್ಷೆ ನಂಬಬೇಡ. ಎರಿ ಮಣ್ಣಿನಲ್ಲಿ ಸುಣ್ಣದ ಹರಳು ಕೂಡುವ ನಾಡು ಇದು, ತೋಬಾ ಬೂದಿಯ ಪದರದೊಳಗೂ ಸುಣ್ಣ ಇಳಿದು ಕೂತಿರುತ್ತದೆ, ಅದೂ ನೊರೆಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ನೋಡು. ಜ್ವಾಲಾಮುಖಿಯ ಗಾಜು ಒಡೆದ ಗುಳ್ಳೆಯ ಗೋಡೆ, ಬಾಗಿದ ಚೂರು, ಮೂರು ಮೂಲೆಯ ಚೂಪು. ಸೆಗಣಿಯಲ್ಲಿ ದನ ತಿಂದ ಹುಲ್ಲಿನ ಸಿಲಿಕಾ ಕಣಗಳಿರುತ್ತವೆ, ಸಸ್ಯದ ಜೀವಕೋಶದ ಆಕಾರ ಹೊತ್ತಿರುತ್ತವೆ. ಅಡ್ಡ ಧ್ರುವಕದ ನಡುವೆ ಎರಡೂ ಕಪ್ಪಗೇ ಕಾಣುತ್ತವೆ, ಅಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಅದಕ್ಕೆ ಸಾಂದ್ರತೆಯಿಂದ ಬೇರೆ ಮಾಡುವ ದಾರಿ ಇದೆ. ಸೋಡಿಯಂ ಪಾಲಿಟಂಗ್‌ಸ್ಟೇಟ್ ದ್ರಾವಣವನ್ನು 2.3ಕ್ಕೆ ತಂದರೆ ಹುಲ್ಲಿನ ಸಿಲಿಕಾ, ಪಾಚಿಯ ಚಿಪ್ಪು ತೇಲುತ್ತವೆ. ಕೆಳಗುಳಿದದ್ದನ್ನು 2.5ಕ್ಕೆ ಹಾಕಿದರೆ ಗಾಜು ಮೇಲೆ ಬರುತ್ತದೆ, ಮರಳಿನ ಬೆಣಚು ತಳಕ್ಕಿಳಿಯುತ್ತದೆ. ಕಣ್ಣಿಗೆ ಪದರವೇ ಕಾಣದ ಹೂಳಿನಲ್ಲೂ ಹೀಗೆ ತೊಳೆದರೆ ಒಂದು ಗ್ರಾಮಿಗೆ ಹತ್ತಿಪ್ಪತ್ತು ಚೂರು ಸಿಗುವುದುಂಟು. ಈಗಿನ ಸಂಶೋಧನೆಯ ಅರ್ಧ ಜೀವ ಇಂಥ ಕಾಣದ ಪದರಗಳಲ್ಲೇ ಇದೆ.

ಆಫ್ರಿಕಾದ ಮಲಾವಿ ಸರೋವರದ ಕಥೆ ಹಾಗೇ ಬಂತು. ತೋಬಾದಿಂದ ಏಳು ಸಾವಿರ ಕಿ.ಮೀ.ಗೂ ದೂರ. ಸರೋವರದ ತಳಕ್ಕೆ ಕೊರೆದು ತೆಗೆದ ಕೋರಿನಲ್ಲಿ ತೋಬಾದ ಗಾಜು ಸಿಕ್ಕಿತು ಅಂತ 2013ರಲ್ಲಿ ಕ್ರಿಸ್ಟೀನ್ ಲೇನ್ ಮತ್ತು ಜೊತೆಯವರು ಪ್ರಕಟಿಸಿದರು. ಗಾಜು ಸಿಕ್ಕ ಮಟ್ಟದ ಮೇಲಿನ ಕೆಳಗಿನ ಹೂಳಿನಲ್ಲಿ ನೀರು ಗಣನೀಯವಾಗಿ ತಣ್ಣಗಾದ ಗುರುತು ಅವರಿಗೆ ಕಾಣಲಿಲ್ಲ. ಅದಕ್ಕೆ ಮುಂಚೆ ತೋಬಾ ಚಳಿಗಾಲ ತಂದು ಮನುಷ್ಯಕುಲವನ್ನೇ ಅಳಿಸುವ ಮಟ್ಟಕ್ಕೆ ತಂದಿತ್ತು ಅನ್ನುವ ಮಾತು ಜೋರಾಗಿತ್ತು. ಇಲ್ಲಿ, ಜ್ವಾಲಾಪುರಂನಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಬೂದಿಯ ಕೆಳಗೂ ಮೇಲೂ ಕಲ್ಲಿನ ಹತ್ಯಾರ ಕಂಡಿತು, ಎರಡರ ಮಾಟವೂ ಹೆಚ್ಚು ಬೇರೆಯಿರಲಿಲ್ಲ. 2007ರಲ್ಲಿ ಅದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಇದರ ಮೇಲೆ ಇಂದಿಗೂ ಜಗಳವಿದೆ. ಆ ಹತ್ಯಾರ ಮಾಡಿದವರು ಯಾವ ಮನುಷ್ಯರು ಅನ್ನುವುದು ಎಲುಬು ಸಿಗುವವರೆಗೆ ಬಗೆಹರಿಯುವುದೂ ಇಲ್ಲ. ಒಂದು ಬೂದಿಪದರ ಬಿತ್ತು ಅನ್ನುವುದರಿಂದ ಜನ ಸತ್ತರು ಅನ್ನುವುದಕ್ಕೆ ಒಂದೇ ಹಾರಿಗೆ ಹೋಗುವವರನ್ನು ಕಂಡರೆ ನನಗೆ ಸಹನೆ ಇಲ್ಲ.

ವಯಸ್ಸಿನ ವಿಷಯಕ್ಕೆ ಬೋರಿಯ ಕಥೆ ನೆನಪಿಡು. ಕುಕಡಿ ದಂಡೆಯ ಆ ಬೂದಿಗೆ 1989ರಲ್ಲಿ ಪೊಟ್ಯಾಷಿಯಂ-ಆರ್ಗಾನ್ ವಿಧಾನದಿಂದ 14 ಲಕ್ಷ ವರ್ಷ ಅಂತ ಬಂತು. ಅದರೊಂದಿಗೆ ಕೈಗೊಡಲಿಗಳೂ ಇದ್ದುದರಿಂದ ದೇಶದ ಪುರಾತತ್ವದವರೆಲ್ಲ ಎದ್ದು ಕೂತರು. 1995ರಲ್ಲಿ ಇನ್ನೊಂದು ತಂಡ ಬೇರೆ ವಿಧಾನದಿಂದ 6 ಲಕ್ಷ 70 ಸಾವಿರ ಅಂದಿತು. ಅದೇ ವರ್ಷ ಗಾಜಿನ ರಾಸಾಯನಿಕ ಗುರುತು ನೋಡಿದವರು ಇದು ತೋಬಾದ ಕೊನೆಯ ಸ್ಫೋಟದ್ದು, 74,000 ವರ್ಷದ್ದು ಅಂದರು. ಒಂದೇ ಬೂದಿಗೆ ಮೂರು ವಯಸ್ಸು! ಹರಿದು ಬಂದ ಬೂದಿಯಲ್ಲಿ ಹಳೆಯ ಕಲ್ಲಿನ ಕಣ ತುಸು ಬೆರೆತರೂ ಒಟ್ಟಿಗೆ ಅಳೆಯುವ ವಿಧಾನದಲ್ಲಿ ವಯಸ್ಸು ಹಿಂದಕ್ಕೆ ಜಿಗಿಯುತ್ತದೆ. ಮೊದಲು ಕೇಳಬೇಕಾದದ್ದನ್ನು ಮೊದಲು ಕೇಳು ಅಂತ ನಾನು ಹೇಳುವುದು ಇದಕ್ಕೇ. ನನಗೆ ಇದರಲ್ಲಿ ಮೆಚ್ಚಿಕೆಯಾದದ್ದು ಇನ್ನೊಂದು. 1989ರ ಪ್ರಬಂಧದಲ್ಲೂ ಕೋರಿಶೆಟ್ಟರ್ ಹೆಸರಿದೆ, 74,000 ಅಂದ 1995ರ ಪ್ರಬಂಧದಲ್ಲೂ ಇದೆ. ಹೊಸ ಸಾಕ್ಷಿ ಬಂದಾಗ ಹಳೆಯ ಸಂಖ್ಯೆಗೆ ಜೋತುಬೀಳದ ಗುಣ ಪ್ರಯೋಗಾಲಯದಲ್ಲಿ ಕಲಿಸುವುದಿಲ್ಲವ್ವಾ, ಇಂಥವರ ಪ್ರಬಂಧ ಸಾಲಾಗಿ ಇಟ್ಟು ಓದಿ ಕಲಿಯಬೇಕು.

ಗಾಜಿನ ಗುರುತು ಅಂದೆನಲ್ಲ, ಅದರಲ್ಲೂ ಒಂದು ಎಚ್ಚರಿಕೆ. ಎಲೆಕ್ಟ್ರಾನ್ ಮೈಕ್ರೋಪ್ರೋಬಿನಲ್ಲಿ ಚೂರು ಚೂರಾಗಿ ಅಳೆದರೆ ತೋಬಾದ ಗಾಜಿನಲ್ಲಿ ಸಿಲಿಕಾ ಸುಮಾರು 77 ಶೇಕಡಾ ಬರುತ್ತದೆ. ಆದರೆ ತೋಬಾ ಸಿಡಿದದ್ದು ಒಂದೇ ಸಲ ಅಲ್ಲ. ಸುಮಾರು 8 ಲಕ್ಷ ವರ್ಷದ ಹಿಂದೆ ಒಮ್ಮೆ, 5 ಲಕ್ಷ ವರ್ಷದ ಹಿಂದೆ ಒಮ್ಮೆ ದೊಡ್ಡದಾಗಿಯೇ ಸಿಡಿದಿತ್ತು. ಮುಖ್ಯ ಅಂಶಗಳಲ್ಲಿ ಮೂರೂ ಅಣ್ಣತಮ್ಮಂದಿರು. ಬೇರಿಯಂ, ರುಬಿಡಿಯಂ ಥರದ ಅಲ್ಪಾಂಶಗಳನ್ನೂ ಕರಿ ಅಭ್ರಕದ ರಚನೆಯನ್ನೂ ನೋಡದೆ ಯಾವ ಸ್ಫೋಟದ್ದು ಅಂತ ಬರೆಯಬೇಡ. ರೇಡಿಯೋಕಾರ್ಬನ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಕೈ ಐವತ್ತು ಸಾವಿರ ವರ್ಷಕ್ಕೆ ನಿಲ್ಲುತ್ತದೆ. ಮೇಲಿನ ಕೆಳಗಿನ ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಅಳೆಯುವ ವಿಧಾನ ಕಲಿತುಕೋ. ಜ್ವಾಲಾಪುರಂನಲ್ಲಿ ಕೆಲಸಕ್ಕೆ ಬಂದದ್ದು ಅದೇ.

ಇಷ್ಟು ಕೇಳಿ ಊರ ಕೆರೆಗೆ ಇಳಿದು ಕೋರ್ ತೆಗೆಯುವ ಹುಮ್ಮಸ್ಸು ನಿನಗೆ ಬಂದೀತು. ಬೇಡ. ನಮ್ಮ ಕಡೆ ಕೆರೆ ಅಂದರೆ ಕಟ್ಟಿದ ಕೆರೆ, ಅದರ ಹೂಳಿಗೆ ಹೆಚ್ಚೆಂದರೆ ಕೆಲವು ನೂರು ವರ್ಷ. ಜಪಾನಿನ ಸುಯ್ಗೆತ್ಸು ಸರೋವರದಲ್ಲಿ ವರ್ಷಕ್ಕೊಂದು ಪದರದಂತೆ ಹತ್ತಾರು ಸಾವಿರ ವರ್ಷದ ಹೂಳು ಕದಡದೆ ಕೂತಿದೆ, ನಡುನಡುವೆ ಜಪಾನಿನ ಬೂದಿಪದರ, ಅವರಿಗೆ ದಿನಚರಿ ಓದಿದಷ್ಟು ಸಲೀಸು. ಅಲ್ಲೂ ಗಾಳಿ ಆ ದಿಕ್ಕಿಗೆ ಬೀಸದ ಸ್ಫೋಟ ದಾಖಲಾಗಿರುವುದಿಲ್ಲ, ಅದು ಬೇರೆ ಮಾತು. ನಮಗೆ ಅಂಥ ಸರೋವರ ಇಲ್ಲ. ನಮ್ಮ ದಾಖಲೆ ಇರುವುದು ಹಳ್ಳಕೊಳ್ಳಗಳ ಹಳೆಯ ಮಣ್ಣಿನಲ್ಲಿ. ಹುಣಸಗಿ-ಬೈಚಬಾಳ ಕಣಿವೆಯನ್ನು ನೋಡು. ಸುತ್ತ ಗುಡ್ಡದ ಅಂಚು, ನಡುವೆ ಬಟ್ಟಲಿನಂಥ ತಗ್ಗು, ನೀರು ತಂದ ಮಣ್ಣು ಲಕ್ಷಾಂತರ ವರ್ಷ ಕೂಡುತ್ತ ಬಂದಿದೆ. ಅಲ್ಲೇ ಇಸಾಂಪುರದಲ್ಲಿ ಆದಿಮಾನವ ಸುಣ್ಣದ ಕಲ್ಲಿನ ಹಾಸಿನಿಂದ ಹತ್ಯಾರ ಮಾಡಿದ ಗಣಿ ಸಿಕ್ಕಿದ್ದು. ಪ್ರಾಣಿಯ ಹಲ್ಲಿನ ಎನಾಮಲ್ ಅಳೆದು ಅದಕ್ಕೆ ಸುಮಾರು 12 ಲಕ್ಷ ವರ್ಷ ಅಂದಿದ್ದಾರೆ. ಅಷ್ಟು ಹಳೆಯ ಮಣ್ಣನ್ನು ಹಿಡಿದಿಟ್ಟ ಕಣಿವೆಯಲ್ಲಿ ತೋಬಾದ ಕಾಣದ ಚೂರುಗಳನ್ನು ಹುಡುಕುವುದು ನಿನ್ನಂಥವರ ಕೆಲಸ. ಆದರೆ ಬೇಗ ಮಾಡಬೇಕು. ಕಾಲುವೆ ನೀರು ಬಂದ ಮೇಲೆ ಹೊಲ ಸಮ ಮಾಡಿ ಭತ್ತಕ್ಕೆ ಹಾಕುತ್ತಿದ್ದಾರೆ. ಬೂದಿದಿಬ್ಬದ ಬೂದಿಯನ್ನು ಗೊಬ್ಬರಕ್ಕೆ ಹೇರಿಕೊಂಡು ಹೋಗುವುದೂ ನಡೆದೇ ಇದೆ. ರೈತನನ್ನು ಬೈಯಬೇಡ, ಅವನ ಹೊಲ ಅದು.

ಕ್ಯಾಮೆರಾ ಎಷ್ಟೇ ಒಳ್ಳೆಯದಿರಲಿ, ಕೊರೆದ ಗೋಡೆಯ ಚಿತ್ರವನ್ನು ಕೈಯಿಂದ ಬರಿ. 1840ರ ದಶಕದಿಂದ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಕಲ್ಗೋರಿಗಳನ್ನು ಅಗೆದಾಗ ಪದರಗಳ ಅಡ್ಡಛೇದ ಬರೆದಿಟ್ಟ. ನೂರು ವರ್ಷದ ಮೇಲೆ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಹೊಗಳಿದ. ಆಡಳಿತ ನಡೆಸಲು ಬಂದ ಬ್ರಿಟಿಷ್ ಅಧಿಕಾರಿ, ಅವನ ರಾಜಕೀಯದ ಬಗ್ಗೆ ಸುರಪುರದವರಿಗೆ ಬೇರೆಯೇ ಅಭಿಪ್ರಾಯವಿದೆ, ನನಗೂ ಇದೆ. ಗೋಡೆ ನೋಡುವ ಅವನ ಕಣ್ಣು ಮಾತ್ರ ಕಲಿಯುವಂಥದ್ದು. ಬರೆಯುವಾಗ ಕೈ ನಿಧಾನವಾಗುತ್ತದೆ, ಎರಡನೆಯ ಪದರದ ಅಡಿಯ ಗೆರೆ ಎಲ್ಲಿ ಮಸುಕಾಯಿತು ಅನ್ನುವುದು ಆಗ ಕಾಣುತ್ತದೆ.

ಸಂರಕ್ಷಿತ ದಿಬ್ಬಕ್ಕೆ ಅನುಮತಿ ಇಲ್ಲದೆ ಕುಡುಗೋಲು ಕೂಡ ತಾಕಿಸಬೇಡ. ಹಳ್ಳ ಕೊರೆದ ದಂಡೆ, ಹೊಸದಾಗಿ ತೋಡಿದ ಬಾವಿ, ಕಾಲುವೆಯ ಪಕ್ಕದ ಗೋಡೆ, ಇಷ್ಟು ನಿನಗೆ ಸಾಕು. ಗೋಡೆಯ ಮೇಲ್ಮೈಯನ್ನು ಒಂದು ಗೇಣು ಕೆರೆದು ತೆಗೆದ ಮೇಲೆಯೇ ಮಾದರಿ ತೆಗೆ, ಕೆಳಗಿನಿಂದ ಮೇಲಕ್ಕೆ ತೆಗೆ, ಇಲ್ಲದಿದ್ದರೆ ಮೇಲಿನ ದೂಳು ಕೆಳಗಿನ ಚೀಲಕ್ಕೆ ಬೀಳುತ್ತದೆ. ಚೀಲದ ಮೇಲೂ ಬರಿ, ಒಳಗೂ ಚೀಟಿ ಹಾಕು. ಬೂದಿ ಅನಿಸಿದ್ದನ್ನು ಒಂದು ಚಿಟಿಕೆ ಹಲ್ಲಿನ ನಡುವೆ ಇಟ್ಟು ನೋಡು, ಜೇಡಿ ಜಾರುತ್ತದೆ, ಗಾಜು ಕರಕರ ಅನ್ನುತ್ತದೆ. ಬೂದಿದಿಬ್ಬದ ಹತ್ತಿರ ಮಾತ್ರ ಈ ಪರೀಕ್ಷೆ ಮಾಡಬೇಡ, ಅದು ಏನೆಂದು ಹೇಳಿದ್ದೇನಲ್ಲ. ಹಳ್ಳ ಬತ್ತುವುದು ಮಾರ್ಚ್ ಕೊನೆಗೆ, ಬಿಸಿಲು ಏರುವ ಮುಂಚೆ ಬೆಳಿಗ್ಗೆ ಆರಕ್ಕೇ ಹೊರಡಬೇಕು. ನಿಮ್ಮಪ್ಪನ ಜೀಪು ಖಾಲಿ ಇದ್ದ ದಿನ ನೋಡಿ ಮೊದಲೇ ಹೇಳು, ಹುಣಸಗಿಯ ತನಕ ನಾನೂ ಬರುತ್ತೇನೆ.